ಆಲ್ಬರ್ಟ್ ಹಾಲ್‌ನಲ್ಲಿ ಡೈನೋಸಾರ್, ಎದುರಿಗೆ ಲೈವ್ ಆರ್ಕೆಸ್ಟ್ರಾ: ಹೋಗುವವರಿಗೆ ಒಂದಿಷ್ಟು ಮಾತು

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಸೋಣ ಅಂತ ತೀರಾ ಬದಿಯ ಸೀಟು ತಗೋಬೇಡಿ. ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್ ಅನ್ನುವ ಸಂಗೀತ ಸಭಾಂಗಣ ದುಂಡಗಿದೆ. ಅಲ್ಲಿ ಸಿನಿಮಾ ತೋರಿಸುವಾಗ ಒಂದು ಕಡೆ ದೊಡ್ಡ ಪರದೆ ಇಳಿಬಿಟ್ಟಿರುತ್ತಾರೆ, ಅದರ ಕೆಳಗೆ ಪೂರ್ತಿ ಆರ್ಕೆಸ್ಟ್ರಾ ಕೂತಿರುತ್ತದೆ. ಮಾತು, ಸದ್ದು ಎಲ್ಲ ಸಿನಿಮಾದ್ದೇ, ಹಿನ್ನೆಲೆ ಸಂಗೀತ ಮಾತ್ರ ಕಣ್ಣೆದುರೇ ನುಡಿಸುವುದು. ಹಿಂದೊಮ್ಮೆ ಅಗ್ಗದ ಸೀಟಲ್ಲಿ ಓರೆಯಾಗಿ ಕೂತು ನೋಡಿದ್ದೆ. ಹೀರೋ ಮುಖ ಪಡವಲಕಾಯಿ ಆಗಿತ್ತು.

ಈ ಸಲ ತುಮಕೂರಿನಿಂದ ಅಪ್ಪ ಅಮ್ಮ ಬಂದಿದ್ದರು, ಸಿನಿಮಾ ಜುರಾಸಿಕ್ ಪಾರ್ಕ್. ಮೇಲಿನ ಸರ್ಕಲ್ ಅನ್ನುವ ಹಂತದಲ್ಲಿ, ಪರದೆಗೆ ನೇರ ಎದುರಿನ ಸೀಟು ತಗೊಂಡೆ. ಅಲ್ಲಿಂದ ಪರದೆಯೂ ಕಾಣುತ್ತದೆ, ವಾದ್ಯದವರೂ ಕಾಣುತ್ತಾರೆ. ಕೆಳಗೆ ನೆಲದ ಮುಂದಿನ ಸಾಲಲ್ಲಿ ಕೂತರೆ ಪಿಟೀಲಿನವರ ಬೆನ್ನು ಬಿಟ್ಟರೆ ಹಿಂದಿನವರು ಯಾರೂ ಸರಿಯಾಗಿ ಕಾಣುವುದಿಲ್ಲ. ಆದರೆ ಸರ್ಕಲ್‌ನ ಮೆಟ್ಟಿಲು ಕಡಿದಾಗಿವೆ. ಮಂಡಿ ನೋವಿನವರು ಜೊತೆಗಿದ್ದರೆ ಬುಕ್ ಮಾಡುವಾಗಲೇ ಯೋಚಿಸಿ.

ಹೋಗುವ ದಾರಿ ಸುಲಭ. ಪ್ಯಾಡಿಂಗ್ಟನ್ ಸ್ಟೇಷನ್‌ನಿಂದ ಸರ್ಕಲ್ ಲೈನ್ ಅನ್ನುವ ಮೆಟ್ರೋ ಹಿಡಿದರೆ ನೇರ ಸೌತ್ ಕೆನ್ಸಿಂಗ್ಟನ್ ಸ್ಟೇಷನ್. ಟಿಕೆಟ್ ಬದಲು ಗೇಟಿಗೆ ಬ್ಯಾಂಕ್ ಕಾರ್ಡ್ ಮುಟ್ಟಿಸಿ ಹೋಗುವುದಾದರೆ ಒಬ್ಬೊಬ್ಬರಿಗೂ ಒಂದೊಂದು ಬೇಕು. ನಾನು ಒಂದೇ ಕಾರ್ಡಲ್ಲಿ ಅಮ್ಮನನ್ನೂ ದಾಟಿಸಲು ಹೋಗಿ, ಅವರು ಗೇಟಿನ ಆಚೆ ಬ್ಯಾಗ್ ತಬ್ಬಿಕೊಂಡು ನಿಂತುಬಿಟ್ಟಿದ್ದರು. ತಪ್ಪು ನನ್ನದೇ.

ಬೆಳಗ್ಗೆಯೇ ಹೊರಡಿ. ಸ್ಟೇಷನ್ ಹತ್ತಿರವೇ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಮಧ್ಯಾಹ್ನ ಅಲ್ಲಿ ಡೈನೋಸಾರ್‌ಗಳ ನಿಜವಾದ ಮೂಳೆಗಳನ್ನು ನೋಡಿ, ಸಂಜೆ ಅದೇ ಪ್ರಾಣಿಗಳು ಓಡಾಡುವುದನ್ನು ನೋಡುವ ಮಜಾನೇ ಬೇರೆ. ಊಟಕ್ಕೆ ಹಾಲ್ ಎದುರಿನ ಪಾರ್ಕ್ ಸಾಕು. ಅಲ್ಲಿರುವ, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಅವರ ಸ್ಮಾರಕದ ನಾಲ್ಕು ಮೂಲೆಗೆ ನಾಲ್ಕು ಖಂಡಗಳ ಶಿಲ್ಪಗಳಿವೆ, ಏಷ್ಯಾದ್ದರಲ್ಲಿ ಆನೆ. ನಾವು ಆ ಆನೆ ಎದುರು ಕೂತು ಚಪಾತಿ, ಚಿತ್ರಾನ್ನ ಮುಗಿಸಿದೆವು. ಹಾಲ್‌ಗೆ ಹನ್ನೆರಡು ಬಾಗಿಲು. ನಿಮ್ಮದು ಯಾವುದು ಅಂತ ಟಿಕೆಟ್‌ನಲ್ಲೇ ಇರುತ್ತದೆ, ನೋಡಿಕೊಂಡು ಹೋದರೆ ಸುಮ್ನೆ ಸುತ್ತುವುದು ತಪ್ಪುತ್ತದೆ.

ಒಳಗೆ ಹೋದ ಕೂಡಲೇ ತಲೆ ಎತ್ತಿ ನೋಡಿ. ಚಾವಣಿಯಿಂದ ಅಣಬೆಯಂಥ ದೊಡ್ಡ ದೊಡ್ಡ ತಟ್ಟೆಗಳು ತೂಗುತ್ತಿರುತ್ತವೆ. 1871ರಲ್ಲಿ ಹಾಲ್ ತೆರೆದಾಗಿನಿಂದ ಅಲ್ಲಿ ಪ್ರತಿಧ್ವನಿಯ ಕಾಟ, ಅದನ್ನು ತಗ್ಗಿಸಲು 1969ರಲ್ಲಿ ಇವನ್ನು ನೇತುಹಾಕಿದ್ದು.

ಆರ್ಕೆಸ್ಟ್ರಾ ನಡೆಸುವವರ ಮುಂದೆ ಚಿಕ್ಕದೊಂದು ಮಾನಿಟರ್ ಇರುತ್ತದೆ. ಅದರಲ್ಲೂ ಸಿನಿಮಾ ಓಡುತ್ತದೆ, ಮೇಲೆ ಬಣ್ಣದ ಗೆರೆಗಳು ಹಾದುಹೋಗುತ್ತವೆ, ಬೆಳಕಿನ ಚುಕ್ಕೆ ಮಿನುಗುತ್ತದೆ. ಯಾವ ದೃಶ್ಯಕ್ಕೆ ಯಾವ ಬಡಿತ ಸರಿಯಾಗಿ ಬೀಳಬೇಕು ಅಂತ ಅದನ್ನು ನೋಡಿ ಹಿಡಿಯುತ್ತಾರೆ. ಅಪ್ಪ ಅರ್ಧ ಹೊತ್ತು ಅದನ್ನೇ ನೋಡುತ್ತಿದ್ದರು. ಉದ್ದ ಕತ್ತಿನ ಡೈನೋಸಾರ್ ಮೊದಲ ಸಲ ಕಾಣುವಾಗ ಈ ಸಿನಿಮಾಗೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಅವರ ಆ ಪ್ರಸಿದ್ಧ ರಾಗ ಎದ್ದಿತು ನೋಡಿ, ಪಕ್ಕದಲ್ಲಿ ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೇಳಿದರೆ ಎಸಿ ಜಾಸ್ತಿ ಅಂದರು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಂಗೀತವೇ ಇಲ್ಲದ ಜಾಗ. ಮಳೆಯಲ್ಲಿ ಟಿ ರೆಕ್ಸ್ ಅನ್ನುವ ದೈತ್ಯ ಡೈನೋಸಾರ್ ಬೇಲಿ ಮುರಿದು ಕಾರಿನ ಮೇಲೆ ಬೀಳುವ ದೃಶ್ಯಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಮನೆಯಲ್ಲಿ ಎಷ್ಟು ಸಲ ನೋಡಿದ್ದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಇಲ್ಲಿ ಅಷ್ಟೂ ಜನ ಪಿಟೀಲು ತೊಡೆ ಮೇಲಿಟ್ಟುಕೊಂಡು ಕೈಕಟ್ಟಿ ಕೂತಿದ್ದರು. "ಅಲ್ಲ ಕಣೋ, ಇಷ್ಟು ದೊಡ್ಡ ಫೈಟಿಗೆ ಇವರಿಗೆ ಕೆಲಸ ಇಲ್ವಾ?" ಅಂತ ಅಪ್ಪ ಪಿಸುಗುಟ್ಟಿದರು. ತಮಾಷೆ ಏನು ಗೊತ್ತಾ, ಆ ದೃಶ್ಯದ ಶುರುವಿನಲ್ಲಿ ಲೋಟದ ನೀರು ನಡುಗುತ್ತದಲ್ಲ, ಅದನ್ನು ಶೂಟಿಂಗ್‌ನಲ್ಲಿ ಮಾಡಿದ್ದು ಗಿಟಾರ್ ತಂತಿ ಮೀಟಿ!

ಸಿನಿಮಾ ಎರಡು ಗಂಟೆ ಚಿಲ್ಲರೆ, ಮಧ್ಯೆ ಇಂಟರ್‌ವಲ್. ಶೌಚಾಲಯದ ಸಾಲು ಉದ್ದ ಇರುತ್ತದೆ, ದೀಪ ಹತ್ತಿದ ತಕ್ಷಣ ಏಳಿ. ನಾವು ಹೋದ ದಿನ ಇಂಗ್ಲಿಷ್ ಸಬ್‌ಟೈಟಲ್ ಇತ್ತು, ಅಮ್ಮನಿಗೆ ಅದರಿಂದ ಅನುಕೂಲವೇ ಆಯಿತು. 2019ರಲ್ಲಿ ಬಾಹುಬಲಿಯ ಮೊದಲ ಭಾಗವನ್ನೂ ಇಲ್ಲಿ ಹೀಗೇ ತೋರಿಸಿದ್ದರು, ನಾನು ತಪ್ಪಿಸಿಕೊಂಡೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೆಸರುಗಳು ಬರಲು ಶುರುವಾದಾಗ ಎದ್ದು ಹೋಗಬೇಡಿ, ಕೊನೆಯ ಹೆಸರಿನ ತನಕ ನುಡಿಸುತ್ತಲೇ ಇರುತ್ತಾರೆ. ಆಮೇಲೆ ಎಲ್ಲರೂ ಸೌತ್ ಕೆನ್ಸಿಂಗ್ಟನ್ ಕಡೆ ನುಗ್ಗುತ್ತಾರೆ. ನೀವು ಬೇರೆ ದಿಕ್ಕಿಗೆ, ಹೈ ಸ್ಟ್ರೀಟ್ ಕೆನ್ಸಿಂಗ್ಟನ್ ಸ್ಟೇಷನ್‌ಗೆ ನಡೆದುಬಿಡಿ, ಅಲ್ಲಿಂದಲೂ ಪ್ಯಾಡಿಂಗ್ಟನ್‌ಗೆ ನೇರ ರೈಲು ಇದೆ. ನಮಗೆ ಮೂರು ಜನಕ್ಕೂ ಕೂರಲು ಸೀಟು ಸಿಕ್ಕಿತು, ಉಳಿದ ಎರಡು ಚಪಾತಿ ಅಪ್ಪ ಅಲ್ಲೇ ಬಿಚ್ಚಿದರು.