ಗುರುವಾರ ಹುಟ್ಟಿದವಳ ಘಾನಾ ದಿನಚರಿ

2024 ಸೆಪ್ಟೆಂಬರ್ 8, ಭಾನುವಾರ

ಇವತ್ತು ಕಾಣಿಕೆ ಹಾಕಲು ಕುಣಿದುಕೊಂಡು ಹೋದೆ. ನಿಜವಾಗಿಯೂ.

ಉಡುಪಿಯ ನಮ್ಮ ಚರ್ಚಿನಲ್ಲಿ ಕಾಣಿಕೆ ಚೀಲ ಬೆಂಚಿನಿಂದ ಬೆಂಚಿಗೆ ಸದ್ದಿಲ್ಲದೆ ಹೋಗುತ್ತದೆ. ಚಿಲ್ಲರೆ ಹಾಕಿದರೆ ಟಣ್ ಅನ್ನುತ್ತದಲ್ಲ ಅಂತ ನೋಟೇ ಮಡಚಿ ಹಾಕುವವರು ನಾವು. ಇಲ್ಲಿ ಕಾಣಿಕೆ ಅಂದ ಕೂಡಲೇ ಡ್ರಮ್ ಶುರು. ಜನ ಬಿಳಿ ಕರವಸ್ತ್ರ ಬೀಸುತ್ತಾ ಸಾಲಾಗಿ ಪೆಟ್ಟಿಗೆ ಕಡೆ ಹೆಜ್ಜೆ ಹಾಕುತ್ತಾರೆ. ಅದರಲ್ಲೂ ಇವತ್ತಿನದು ವಾರದ ಲೆಕ್ಕದ ಕಾಣಿಕೆ. ಭಾನುವಾರ ಹುಟ್ಟಿದವರು ಮೊದಲು, ಆಮೇಲೆ ಸೋಮವಾರದವರು, ಹೀಗೆ ಶನಿವಾರದವರೆಗೆ. ಕೊನೆಗೆ ಎಣಿಸಿ, ಯಾವ ವಾರದವರದು ಜಾಸ್ತಿ ಅಂತ ಮೈಕಿನಲ್ಲಿ ಹೇಳುತ್ತಾರೆ.

ನಾನು ಯಾವ ವಾರ ಹುಟ್ಟಿದ್ದು ಅಂತ ನನಗೆ ಗೊತ್ತೇ ಇರಲಿಲ್ಲ. ನಿನ್ನೆ ರಾತ್ರಿ ನಾನಿರುವ ಮನೆಯ ಆಂಟಿ ಕೇಳಿದರು. ಗೊತ್ತಿಲ್ಲ ಅಂದದ್ದಕ್ಕೆ ಅವರಿಗೆ ನಗು ತಡೆಯಲಿಲ್ಲ. ಅಮ್ಮನಿಗೆ ವಾಟ್ಸಾಪ್ ಕಾಲ್ ಮಾಡಿದೆ. ಘಾನಾ ನಮಗಿಂತ ಐದೂವರೆ ಗಂಟೆ ಹಿಂದೆ, ಊರಲ್ಲಿ ಆಗಲೇ ನಡುರಾತ್ರಿ ದಾಟಿತ್ತು.

"ಏನು ಮಗಾ, ಜ್ವರ ಬಂತಾ?"

"ಇಲ್ಲ ಅಮ್ಮ. ನಾನು ಯಾವ ವಾರ ಹುಟ್ಟಿದ್ದು?"

"ಗುರುವಾರ. ಸಂಜೆ. ಆಸ್ಪತ್ರೆಯಲ್ಲಿ ಕರೆಂಟ್ ಇರಲಿಲ್ಲ. ಈಗ ಮಲಗು."

ಗುರುವಾರ ಹುಟ್ಟಿದ ಹೆಣ್ಣುಮಗುವಿಗೆ ಇಲ್ಲಿ ಯಾ ಅಂತ ಹೆಸರು. ಗಂಡಾದರೆ ಯಾವ್. ಬೆಳಗಾಗುವಷ್ಟರಲ್ಲಿ ಬೀದಿಯವರಿಗೆಲ್ಲ ನಾನು ಯಾ ಆಗಿದ್ದೆ. ನಮ್ಮ ಗುಂಪಿಗೆ ಇವತ್ತು ಎರಡನೇ ಸ್ಥಾನ, ಗೆದ್ದದ್ದು ಶುಕ್ರವಾರದವರು. ಪಕ್ಕದಲ್ಲಿದ್ದ ಅಜ್ಜಿಗೆ ಅದು ಸಹಿಸಲಿಲ್ಲ. ಸೆರಗಿನಂತೆ ಸುತ್ತಿದ್ದ ಬಟ್ಟೆಯ ಗಂಟು ಬಿಚ್ಚಿ ಹತ್ತು ಸೆಡಿಯ ನೋಟು ತೆಗೆದು, ನನ್ನ ಕೈಗೆ ತುರುಕಿ, ಓಡು ಅಂತ ಬೆನ್ನಿಗೆ ತಟ್ಟಿದರು. ಅಷ್ಟರಲ್ಲಿ ಎಣಿಕೆ ಮುಗಿದಿತ್ತು.

ದೇವರಿಗೆ ಕೊಡುವುದರಲ್ಲಿ ಪೈಪೋಟಿ ಯಾಕೆ ಅಂತ ನೀವು ಕೇಳಬಹುದು. ಕೇಳಿ. ಆದರೆ ಬೆಳೆ ಹಬ್ಬದ ದಿನ ನಮ್ಮಲ್ಲಿ ಹಲಸಿನಹಣ್ಣು ಹರಾಜು ಕೂಗುವಾಗ ನಡೆಯುವುದೇನು?

ಸೆಪ್ಟೆಂಬರ್ 13, ಶುಕ್ರವಾರ

ಈ ವಾರ ಶಾಲೆ ಶುರುವಾಯಿತು. ಎಲ್ಲಿದ್ದೇನೆ, ಯಾಕೆ ಬಂದೆ ಅಂತ ತುಂಬಾ ಜನ ಕೇಳಿದ್ದೀರಿ, ಒಮ್ಮೆ ಹೇಳಿಬಿಡುತ್ತೇನೆ.

ರಾಜಧಾನಿ ಅಕ್ರಾದಿಂದ ಘಾಟಿ ಹತ್ತಿದರೆ ಅಕ್ವಾಪಿಮ್ ಗುಡ್ಡಸಾಲು ಸಿಗುತ್ತದೆ. ಅದರ ಮೇಲೆ ಅಬುರಿ, ಮಂಪಾಂಗ್, ಅಕ್ರೋಪಾಂಗ್ ಅಂತ ಸಾಲಾಗಿ ಊರುಗಳು. ಅಕ್ರೋಪಾಂಗ್ ಹತ್ತಿರದ ಒಂದು ಸಣ್ಣ ಊರಿನಲ್ಲಿ ನನ್ನ ವಾಸ. ಬೆಳಿಗ್ಗೆ ಮಂಜು ಕಿಟಕಿಯೊಳಗೇ ಬರುತ್ತದೆ. ಆಫ್ರಿಕಾ ಅಂದರೆ ಸುಡುಬಿಸಿಲು ಅಂತ ಹೇಳಿ ನನ್ನ ಬ್ಯಾಗಿನಿಂದ ಸ್ವೆಟರ್ ತೆಗೆಸಿದ ಚಿಕ್ಕಮ್ಮ ಇದನ್ನು ಓದಲಿ.

ನಮ್ಮ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಮತ್ತು ಇಲ್ಲಿನ ಪ್ರೆಸ್ಬಿಟೇರಿಯನ್ ಸಭೆ ನಡುವಿನ ಯುವಜನ ವಿನಿಮಯದಲ್ಲಿ ಬಂದವಳು ನಾನು. ಒಂದು ವರ್ಷ ಇರಬೇಕು. ಎರಡೂ ಕಡೆಗೆ ಸ್ವಿಟ್ಜರ್ಲೆಂಡಿನ, ಜರ್ಮನ್ನರೇ ಹೆಚ್ಚಿದ್ದ ಬಾಸೆಲ್ ಮಿಷನ್ ಬಂದಿತ್ತು. ಇಲ್ಲಿಗೆ 1828ರಲ್ಲಿ, ಮಂಗಳೂರಿಗೆ 1834ರಲ್ಲಿ. ಅಲ್ಲಿ ಕಿಟೆಲ್ ಕನ್ನಡ ನಿಘಂಟು ಮಾಡಿದರೆ ಇಲ್ಲಿ ಕ್ರಿಸ್ಟಾಲರ್ ಟ್ವಿ ಭಾಷೆಯ ನಿಘಂಟು ಮಾಡಿದರು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಟ್ವಿ ನಿಘಂಟು 1881ರಲ್ಲೇ ಬಂದಿತ್ತು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಎರಡೂ ಕಡೆಯಿಂದ ಬಾಸೆಲಿನವರನ್ನು ಹೊರಗೆ ಕಳಿಸಿದರು. ಇಲ್ಲಿ ಆಮೇಲೆ ಸ್ಕಾಟ್ಲೆಂಡಿನವರು ಬಂದು ಕೈಹಿಡಿದರು, ಅದಕ್ಕೇ ಪ್ರೆಸ್ಬಿಟೇರಿಯನ್ ಅಂತ ಹೆಸರು. ಚರ್ಚಿನಲ್ಲಿ ಹಳೆಯ ಜರ್ಮನ್ ರಾಗಗಳು ಇನ್ನೂ ಇವೆ. ಅವರು ಟ್ವಿಯಲ್ಲಿ ಹಾಡುತ್ತಾರೆ, ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹಾಡುತ್ತೇನೆ. ರಾಗ ಒಂದೇ ಆದ್ದರಿಂದ ಯಾರಿಗೂ ತೊಂದರೆ ಇಲ್ಲ.

ಈಗ ಕೆಲಸ. ನೀವು ಅಂದುಕೊಂಡಂಥ ಮಿಷನ್ ಕೆಲಸ ಏನೂ ಇಲ್ಲ. ಬೆಳಿಗ್ಗೆ ಸಭೆಯ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಗಣಿತ ಮತ್ತು ಇಂಗ್ಲಿಷ್ ಓದು. ಮಧ್ಯಾಹ್ನ ಚರ್ಚ್ ಆಫೀಸಿನಲ್ಲಿ ಹಳೆಯ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ ಕಂಪ್ಯೂಟರಿಗೆ ಟೈಪ್ ಮಾಡುವುದು. ಶುಕ್ರವಾರ ಸಂಜೆ ಯುವಜನರ ಕೂಟ. ಸುವಾರ್ತೆ ಸಾರಲು ಇಲ್ಲಿ ಯಾರಿಗೂ ನಾನು ಬೇಕಾಗಿಲ್ಲ. 2021ರ ಜನಗಣತಿ ಪ್ರಕಾರ ಘಾನಾದಲ್ಲಿ ನೂರಕ್ಕೆ 71 ಜನ ಕ್ರೈಸ್ತರು. ನಮ್ಮ ಕರ್ನಾಟಕದಲ್ಲಿ 2011ರ ಲೆಕ್ಕದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಇಲ್ಲಿ ಸಲೂನ್, ಟೈರ್ ಅಂಗಡಿ, ಸಿಮೆಂಟ್ ಅಂಗಡಿ, ಎಲ್ಲದರ ಬೋರ್ಡಿನಲ್ಲೂ ದೇವರ ಹೆಸರು. ಟ್ರೋಟ್ರೋ ಅಂತ ಓಡಾಡುವ ವ್ಯಾನುಗಳ ಹಿಂದಿನ ಗಾಜಿನ ಮೇಲೆ ಕೀರ್ತನೆಯ ವಚನ. ನಮ್ಮ ಕಡೆ ಮಿಷನ್ ಅಂದರೆ ಸಾಕು, ಎದುರಿನವರ ಹುಬ್ಬು ಮೇಲೇರುತ್ತದೆ. ಮಂಗಳೂರಿನಿಂದ ಹೊರಡುವಾಗ ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಅಂತ ಕೇಳಿದ್ದಕ್ಕೆ ಟೀಚಿಂಗ್ ಕೆಲಸಕ್ಕೆ ಅಂತಷ್ಟೇ ಹೇಳಿದ್ದೆ. ಇಲ್ಲಿ ಜೋರಾಗಿ ಹೇಳಬಹುದು. ಆದರೆ ಜೋರಾಗಿ ಹೇಳುವವರೇ ಎಲ್ಲರೂ. ರಾತ್ರಿ ಹನ್ನೆರಡಕ್ಕೂ ಯಾವುದೋ ಪ್ರಾರ್ಥನಾ ಕೂಟದ ಸ್ಪೀಕರ್ ಕೂಗುತ್ತಿರುತ್ತದೆ. ಸಾಲ ತೀರುತ್ತದೆ, ವೀಸಾ ಸಿಗುತ್ತದೆ ಅಂತ ಭರವಸೆ ಕೊಡುವ ಪ್ರವಾದಿಗಳ ಹೋರ್ಡಿಂಗ್‌ಗಳು ರಸ್ತೆ ಉದ್ದಕ್ಕೂ. ನನಗೆ ಅವು ಸ್ವಲ್ಪವೂ ಹಿಡಿಸಲಿಲ್ಲ.

ಇನ್ನೊಂದು ವಿಷಯ. ಬೆಳಗಿನ ಪ್ರಾರ್ಥನೆಗೆ ಮಕ್ಕಳೆಲ್ಲ ಅಂಗಳದಲ್ಲಿ ನಿಲ್ಲುತ್ತಾರೆ. ಕರ್ತನ ಪ್ರಾರ್ಥನೆ ಹೇಳುವಾಗ ನನ್ನ ಕ್ಲಾಸಿನ ಒಬ್ಬ ಮುಸ್ಲಿಂ ಹುಡುಗಿ ತುಟಿ ಮಾತ್ರ ಅಲ್ಲಾಡಿಸುತ್ತಾಳೆ. ದನಿ ಇಲ್ಲ. ಕಣ್ಣು ಮುಂದಿನವಳ ಜಡೆಯ ಮೇಲೆ. ಅವಳನ್ನು ಯಾರೂ ಗದರಿಸಿಲ್ಲ, ಯಾರೂ ಒತ್ತಾಯ ಮಾಡಿಲ್ಲ. ಉಡುಪಿಯ ಶಾಲೆಯಲ್ಲಿ ಶಾರದಾ ಪೂಜೆಯ ದಿನ ನಾನೂ ಹೀಗೇ ನಿಲ್ಲುತ್ತಿದ್ದೆ. ನನ್ನನ್ನೂ ಯಾರೂ ಗದರಿಸಿರಲಿಲ್ಲ. ಇವತ್ತು ನಾನು ಮುಂದೆ, ಮೈಕಿನ ಹತ್ತಿರ ನಿಂತಿದ್ದೆ.

ಸೆಪ್ಟೆಂಬರ್ 17, ಮಂಗಳವಾರ

ಊಟದ ಬಗ್ಗೆ ಕೇಳುವವರಿಗೆ: ಫುಫು ತಿಂದೆ. ಬೇಯಿಸಿದ ಮರಗೆಣಸು, ಬಾಳೆಕಾಯಿ ಎರಡನ್ನೂ ಮರದ ಒರಳಲ್ಲಿ ಕುಟ್ಟಿ ಮಾಡುವ ಉಂಡೆ. ಖಾರದ ಸಾರಿನಲ್ಲಿ ಮುಳುಗಿಸಿ, ಬಲಗೈಯಲ್ಲಿ ಮುರಿದು, ಅಗಿಯದೆ ನುಂಗಬೇಕು. ರಾಗಿ ಮುದ್ದೆಯ ಅಣ್ಣನೋ ತಮ್ಮನೋ ಇರಬೇಕು. ನಾನು ಕರಾವಳಿಯವಳು, ಅಗಿದೆ. ಎಲ್ಲರೂ ನಕ್ಕರು. ಮಂಡ್ಯದವರು ಯಾರಾದರೂ ಬಂದರೆ ಇಲ್ಲಿ ಮರ್ಯಾದೆ ಜಾಸ್ತಿ ಸಿಗುತ್ತದೆ.

ಮಲೇರಿಯಾ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ. ಅಮ್ಮ, ಇದು ನಿಮಗೆ.

ಸೆಪ್ಟೆಂಬರ್ 21, ಶನಿವಾರ

ಇವತ್ತು ಘಾನಾದ ಮೊದಲ ಅಧ್ಯಕ್ಷ ನ್ಕ್ರುಮಾ ಹುಟ್ಟಿದ ದಿನ, ರಜೆ. ರಜೆ ಇರಲಿ ಇಲ್ಲದಿರಲಿ, ಶನಿವಾರ ಅಂದರೆ ಇಲ್ಲಿ ಶವಸಂಸ್ಕಾರ. ತೀರಿಕೊಂಡವರನ್ನು ವಾರಗಟ್ಟಲೆ ಶವಾಗಾರದಲ್ಲಿಟ್ಟು, ಪೋಸ್ಟರ್ ಅಂಟಿಸಿ, ಶಾಮಿಯಾನ ಹಾಕಿ, ದೂರದವರೆಲ್ಲ ಬಂದ ಮೇಲೆ ಮಣ್ಣು ಮಾಡುತ್ತಾರೆ. ಬೆಳಿಗ್ಗೆ ಸತ್ತರೆ ಸಂಜೆಯೊಳಗೆ ಮುಗಿಸುವ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಕಪ್ಪು, ಕೆಂಪು ಬಟ್ಟೆ ಉಟ್ಟ ಜನ. ನನಗೆ ಆಂಟಿ ತಮ್ಮದೇ ಕಪ್ಪು ಬಟ್ಟೆ ಕೊಟ್ಟರು.

ಅಲ್ಲಿಂದ ಪಾಸ್ಟರ್ ಜೊತೆ ಅಕ್ರೋಪಾಂಗಿಗೆ ಹೋಗಿ ಸೇಲಂ ನೋಡಿದೆ. ತಮಿಳುನಾಡಿನ ಸೇಲಂ ಅಲ್ಲ. ಬಾಸೆಲಿನವರು ಕ್ರೈಸ್ತರಾದವರಿಗೆ ಅಂತ ಊರಿಗೆ ತಾಗಿ ಬೇರೆ ಕೇರಿ ಕಟ್ಟಿಸುತ್ತಿದ್ದರು, ಅದು. ಹಳೆಯ ಕಲ್ಲಿನ ಮನೆಗಳು, ನೇರ ಬೀದಿ, ಮರಗಳು. ಮಂಗಳೂರಿನ ಬಲ್ಮಠದಲ್ಲಿ ಓಡಾಡಿದವರಿಗೆ ಜಾಗ ಗುರುತು ಸಿಕ್ಕ ಹಾಗಾಗುತ್ತದೆ. ನಮ್ಮಜ್ಜ ಹೆಂಚಿನ ಕಾರ್ಖಾನೆಯಲ್ಲಿದ್ದವರು, ಹಾಗಾಗಿ ಮೊದಲು ಮಾಡು ನೋಡಿದೆ. ಹೆಂಚಿಲ್ಲ. ತುಕ್ಕು ಹಿಡಿದ ತಗಡು.

ಪಾಸ್ಟರ್ ಹೇಳಿದ ಕತೆ ನನಗೆ ಯಾವ ಭಾನುವಾರ ಶಾಲೆಯಲ್ಲೂ ಸಿಕ್ಕಿರಲಿಲ್ಲ. 1828ರಲ್ಲಿ ಬಂದ ನಾಲ್ವರಲ್ಲಿ ಮೂವರು ವರ್ಷ ತುಂಬುವುದರೊಳಗೆ ತೀರಿಕೊಂಡರು, ನಾಲ್ಕನೆಯವರು 1831ರಲ್ಲಿ. ಆಮೇಲೆ ಬಂದವರಲ್ಲಿ ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರೇ, ಅದೂ ಇಲ್ಲಿನ ನಾಟಿ ವೈದ್ಯರ ಔಷಧಿಯಿಂದ. ಅವರು 1835ರಲ್ಲಿ ಅಕ್ರೋಪಾಂಗಿಗೆ ಬಂದರು. ವರ್ಷಗಳು ಕಳೆದರೂ ಸಭೆಗೆ ಯಾರೂ ಸೇರಲಿಲ್ಲ. ನಿಮ್ಮ ಪುಸ್ತಕ ಓದುವ ಕಪ್ಪು ಜನರನ್ನು ತೋರಿಸಿ, ಆಮೇಲೆ ನೋಡೋಣ ಅಂತ ಇಲ್ಲಿನ ರಾಜ ಹೇಳಿದರಂತೆ. ರೀಸ್ ಹೋಗಿ ಕರೆತಂದದ್ದು ಜಮೈಕಾ ಮತ್ತು ಆಂಟಿಗುವಾದವರನ್ನು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ದ್ವೀಪಗಳ ಮೊರೇವಿಯನ್ ಪಂಗಡದ ಕ್ರೈಸ್ತರು, ಇಪ್ಪತ್ತಕ್ಕೂ ಹೆಚ್ಚು ಜನ, ಮಕ್ಕಳು ಮರಿ ಸಮೇತ. 1843ರಲ್ಲಿ ಬಂದರು. ಇಲ್ಲಿನ ಸಭೆ ನಿಂತದ್ದು ಅವರ ಮೇಲೆ. ಶಾಲೆಯಲ್ಲಿ ಪಾಠ ಹೇಳಿದರು, ಮನೆ ಕಟ್ಟಿದರು. ಮಾವಿನ ಗಿಡ, ಬೆಣ್ಣೆಹಣ್ಣು, ಒಂದು ಜಾತಿಯ ಕೆಸು ತಂದು ನೆಟ್ಟರು. ಆ ಕೆಸುವಿನ ಎಲೆಯ ಪಲ್ಯವನ್ನೇ ನಾನು ವಾರದಲ್ಲಿ ಮೂರ್ನಾಲ್ಕು ಸಲ ತಿನ್ನುತ್ತಿರುವುದು. ಮಾವು ಮೂಲದಲ್ಲಿ ನಮ್ಮ ಕಡೆಯದು, ಜಮೈಕಾ ಸುತ್ತಿ ಇಲ್ಲಿಗೆ ಬಂದಿದೆ.

ಅವರ ಜೊತೆ ಕ್ಯಾಥರಿನ್ ಮಲ್‌ಗ್ರೇವ್ ಅಂತ ಒಬ್ಬ ಹುಡುಗಿಯೂ ಇದ್ದಳು. ಅಂಗೋಲಾದವಳು. ಚಿಕ್ಕವಳಿದ್ದಾಗ ಗುಲಾಮರ ವ್ಯಾಪಾರಿಗಳು ಎತ್ತಿಕೊಂಡು ಹೋಗಿದ್ದರು. ಹಡಗು ಜಮೈಕಾ ಹತ್ತಿರ ಒಡೆದು, ಅಲ್ಲೇ ಬೆಳೆದು, ಓದಿ, ಟೀಚರ್ ಆದಳು. ಇಲ್ಲಿಗೆ ಬಂದಾಗ ಇಪ್ಪತ್ತೂ ತುಂಬಿರಲಿಲ್ಲ. ಅಕ್ರಾದ ಓಸುವಿನಲ್ಲಿ ಹುಡುಗಿಯರ ಶಾಲೆ ನಡೆಸಿದಳು. ಮೊದಲ ಗಂಡನಿಂದ ವಿಚ್ಛೇದನ ಆದ ಮೇಲೆ 1851ರಲ್ಲಿ ಜಿಮರ್‌ಮನ್ ಎಂಬ ಜರ್ಮನ್ ಮಿಷನರಿ ಅವಳನ್ನು ಮದುವೆಯಾದರು. ಬಾಸೆಲಿನ ಸಮಿತಿಗೆ ಅದು ಹಿಡಿಸಲಿಲ್ಲ.

ನಮ್ಮ ಚರ್ಚ್ ಹಾಲಿನಲ್ಲಿ ಹೆಬಿಕ್, ಮೋಗ್ಲಿಂಗ್ ಹೆಸರು ಕೇಳಿ ಬೆಳೆದವಳು ನಾನು. ಮಿಷನರಿ ಅಂದರೆ ಗಡ್ಡದ ಬಿಳಿ ಗಂಡಸು ಅಂತಲೇ ತಲೆಯಲ್ಲಿ ಕೂತಿತ್ತು. ಇಲ್ಲಿನ ಮಕ್ಕಳೂ ನನ್ನನ್ನು ಒಬ್ರೋನಿ ಅಂತಾರೆ, ಹೊರದೇಶದ ಬಿಳಿಯರನ್ನು ಕರೆಯುವ ಹಾಗೆ. ನಾನು ಕೈ ತೋರಿಸಿ, ನೋಡಿ ನಿಮ್ಮ ಟೀಚರಿಗಿಂತ ನಾನೇನು ಬಿಳಿ ಅಂದರೆ ಒಪ್ಪುವುದಿಲ್ಲ. ಕ್ಯಾಥರಿನ್ ಬಗ್ಗೆ ನಮ್ಮ ಭಾನುವಾರ ಶಾಲೆಯ ಮಕ್ಕಳಿಗೆ ಹೇಳಲೇಬೇಕು.

ಅಕ್ಟೋಬರ್ 4, ಶುಕ್ರವಾರ

ಯುವಜನರ ಕೂಟದಿಂದ ಈಗಷ್ಟೇ ಬಂದೆ. ಭಾರತದ ಬಗ್ಗೆ ಪ್ರಶ್ನೆ ಕೇಳುವ ಸಂಜೆ ಇವತ್ತು. ಮೊದಲು ಸುಲಭದ್ದು ಬಂದವು. ಇಲ್ಲಿನ ಟಿವಿಯಲ್ಲಿ ಹಿಂದಿ ಸೀರಿಯಲ್ ಟ್ವಿಗೆ ಡಬ್ ಆಗಿ ಬರುತ್ತದೆ, ಹಾಗಾಗಿ ಅತ್ತೆಯರೆಲ್ಲ ಅಷ್ಟು ಕೆಟ್ಟವರಾ ಅಂತ ಒಬ್ಬಳು ಕೇಳಿದಳು. ಯಾವಾಗ ಹಿಂದೂ ಧರ್ಮ ಬಿಟ್ಟೆ ಅಂತ ಇನ್ನೊಬ್ಬ. ನಮ್ಮ ಮನೆಯಲ್ಲಿ ಮುತ್ತಜ್ಜನ ಅಜ್ಜನ ಕಾಲದಿಂದ ಕ್ರೈಸ್ತರು, ಕೇರಳದಲ್ಲಿ ಅದಕ್ಕಿಂತ ಎಷ್ಟೋ ಹಳಬರಿದ್ದಾರೆ ಅಂದಾಗ ಅವನಿಗೆ ಆಶ್ಚರ್ಯ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದ. ಅವನ ಕಸಿನ್ ಬೆಂಗಳೂರಿನಲ್ಲಿ ಓದಿದವನು. "ಸಿಸ್ಟರ್ ಯಾ, ನಿಮ್ಮ ಬೆಂಗಳೂರಿನಲ್ಲಿ ನಮ್ಮವರಿಗೆ ಬಾಡಿಗೆ ಮನೆ ಕೊಡುವುದಿಲ್ಲವಂತೆ. 2016ರಲ್ಲಿ ತಾಂಜಾನಿಯಾದ ಹುಡುಗಿಯನ್ನು ಗುಂಪು ಸೇರಿ ಹೊಡೆದರಂತೆ. ಹೌದಾ?"

ಹೌದು ಅಂದೆ. ಬೇರೆ ಏನು ಹೇಳಲಿ? ನಾನು ಬೆಂಗಳೂರಿನಲ್ಲಿ ಡಿಗ್ರಿ ಮಾಡುವಾಗ ನಮ್ಮ ಬೀದಿಯಲ್ಲೇ ಆಫ್ರಿಕಾದ ಹುಡುಗರಿದ್ದರು. ಓನರ್ ಆಂಟಿ ಅವರ ಬಗ್ಗೆ ಏನು ಮಾತಾಡುತ್ತಿದ್ದರು ಅಂತ ಅಲ್ಲಿ ಹೇಳಲು ನಾಲಗೆ ಬರಲಿಲ್ಲ. ಗಾಂಧಿ ವಿಷಯವೂ ಬಂತು. ನಮ್ಮ ಸರ್ಕಾರ ಕೊಟ್ಟ ಗಾಂಧಿ ಪ್ರತಿಮೆಯನ್ನು 2016ರಲ್ಲಿ ಲೆಗಾನಿನ ಘಾನಾ ವಿಶ್ವವಿದ್ಯಾಲಯದಲ್ಲಿ ನಿಲ್ಲಿಸಿದ್ದರು. ದಕ್ಷಿಣ ಆಫ್ರಿಕಾದಲ್ಲಿದ್ದ ಮೊದಲ ವರ್ಷಗಳಲ್ಲಿ ಗಾಂಧಿ ಕಪ್ಪು ಜನರ ಬಗ್ಗೆ ಬರೆದದ್ದನ್ನು ಓದಿದ ಪ್ರಾಧ್ಯಾಪಕರು ಬೇಡ ಅಂದರು. 2018ರ ಡಿಸೆಂಬರಿನಲ್ಲಿ ತೆಗೆದರು. ಈ ಮಕ್ಕಳಿಗೆ ಅದೆಲ್ಲ ಬಾಯಿಪಾಠ. ಯಾರೂ ಸಿಟ್ಟಿನಿಂದ ಕೇಳಲಿಲ್ಲ, ಅದೇ ಕಷ್ಟ. ಮುಗಿದ ಮೇಲೆ ಆ ಹುಡುಗನೇ ಟಾರ್ಚ್ ಹಿಡಿದು ಮನೆಯವರೆಗೆ ಬಿಟ್ಟು ಹೋದ.

ಮುಂದಿನ ಶುಕ್ರವಾರದ ವಿಷಯ ಅವರೇ ಆರಿಸಿದ್ದಾರೆ: ಭಾರತದ ಸಭೆಗಳಲ್ಲಿ ಜಾತಿ ಇದೆಯಾ? ಮಾತಾಡಬೇಕಾದವಳು ನಾನು. ನಮ್ಮ ಸಭೆಯಲ್ಲಿ ಜಾತಿ ಅನ್ನುವ ಮಾತು ಯಾರೂ ಎತ್ತುವುದಿಲ್ಲ. ಮದುವೆ ಮಾತುಕತೆ ಬಂದಾಗ ಮಾತ್ರ ಅವರ ಮನೆತನ ಹಿಂದೆ ಯಾವುದು ಅಂತ ಮೆಲ್ಲಗೆ ವಿಚಾರಿಸುತ್ತಾರೆ. ಇದನ್ನು ಹೇಳಲಾ ಅಂತ ಅಮ್ಮನನ್ನು ಕೇಳಿದೆ. "ಅದೆಲ್ಲ ಹೊರಗಿನವರ ಹತ್ತಿರ ಯಾಕೆ ಮಗಾ" ಅಂದರು. ನಾನು ಹೇಳುವವಳೇ. ಆದರೆ ನನ್ನೊಬ್ಬಳ ಮಾತು ಆಗಬಾರದು. ಊರಿನ ಯುವಜನ ಸಂಘದವರು ಇದನ್ನು ಓದುತ್ತಿದ್ದರೆ ನಿಮ್ಮ ಮನೆಯ ಕತೆ ಬರೆದು ಕಳಿಸಿ, ಹೆಸರು ಹಾಕುವುದಿಲ್ಲ. ಬುಧವಾರದೊಳಗೆ ಕಳಿಸಿದರೆ ಒಳ್ಳೆಯದು, ಇಲ್ಲಿ ನೆಟ್ ಸರಿಯಾಗಿ ಸಿಗುವುದು ಬೆಳಿಗ್ಗೆ ಮಾತ್ರ.