ಗೋರಿಗಳ ನಡುವೆ ಡಬ್ಬಿಯಿಲ್ಲದ ನಿಧಿಶೋಧ

ಜಿಯೋಕ್ಯಾಚಿಂಗ್ ಎಂಬ ಆಟದ ಪರಿಚಯವಿಲ್ಲದವರಿಗೆ ಮೊದಲು ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲಾದರೂ ಅಡಗಿಸಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಅಮೆರಿಕ ಸರ್ಕಾರವು ನಾಗರಿಕರ ಬಳಕೆಯ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದರ ಬೆನ್ನಲ್ಲೇ, ಮೇ 3ರಂದು, ಡೇವ್ ಉಲ್ಮರ್ ಎಂಬುವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ಟಿನೊಳಗೆ ಕೆಲವು ಸಾಮಾನುಗಳನ್ನಿಟ್ಟು ಅದರ ನಿರ್ದೇಶಾಂಕಗಳನ್ನು ಅಂತರ್ಜಾಲದಲ್ಲಿ ಹಂಚಿಕೊಂಡರು. ಆಟ ಹುಟ್ಟಿದ್ದು ಹೀಗೆ.

ಕಾಡು, ಉದ್ಯಾನ, ಸೇತುವೆಯ ಕೆಳಗಿನ ಸಂದಿ, ಇಲ್ಲೆಲ್ಲ ಈ ಆಟಕ್ಕೆ ಸಾಮಾನ್ಯವಾಗಿ ಅಷ್ಟು ತಕರಾರು ಬರುವುದಿಲ್ಲ. ಸಮಾಧಿಭೂಮಿಯ ಮಾತು ಹಾಗಲ್ಲ. 2005ರಲ್ಲಿ ದಕ್ಷಿಣ ಕೆರೊಲಿನಾದ ಕೆಳಮನೆಯು, ಅನುಮತಿಯಿಲ್ಲದೆ ಸ್ಮಶಾನಗಳಲ್ಲಿಯೂ ಐತಿಹಾಸಿಕ ತಾಣಗಳಲ್ಲಿಯೂ ಜಿಯೋಕ್ಯಾಚಿಂಗ್ ಆಡುವುದನ್ನು ನಿಷೇಧಿಸುವ ಮಸೂದೆಯೊಂದನ್ನು ಅಂಗೀಕರಿಸಿತ್ತು. ಮೇಲ್ಮನೆಯಾದ ಸೆನೆಟ್ಟಿನ ಒಪ್ಪಿಗೆ ಸಿಗದೆ ಅದು ಕಾನೂನಾಗಲಿಲ್ಲ. ಈ ಆಟವನ್ನು ಇಷ್ಟಪಡುವ ನನಗೂ ಆ ಶಾಸಕರ ಸಿಟ್ಟು ಅರ್ಥವಾಗುತ್ತದೆ. ಯಾರದೋ ತಾಯಿಯ ಗೋರಿಯ ಹಿಂದೆ ಪ್ಲಾಸ್ಟಿಕ್ ಡಬ್ಬಿ ತುರುಕಿ, ಅದಕ್ಕಾಗಿ ಅಪರಿಚಿತರು ಹುಲ್ಲು ಕೆದಕುವಂತೆ ಮಾಡುವುದು ಯಾವ ನ್ಯಾಯ? ಸಮಾಧಿಭೂಮಿಯಲ್ಲಿ ಆಡಲೇಬೇಕೆಂದರೆ ಅಲ್ಲಿ ಏನನ್ನೂ ಅಡಗಿಸಬಾರದು, ಕಲ್ಲುಗಳನ್ನು ಓದಿಸಬೇಕು, ಡಬ್ಬಿ ಹೊರಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅನುಭವಸ್ಥ ಆಟಗಾರರು ಹಲವು ಹಂತಗಳ ಹುಡುಕಾಟವನ್ನು ಹೀಗೆಯೇ ಕಟ್ಟುತ್ತಾರೆ: ಗೋರಿಕಲ್ಲುಗಳ ಮೇಲಿನ ಇಸವಿಗಳಿಂದ ಅಂಕಿಗಳನ್ನು ಹೆಕ್ಕಿ, ಲೆಕ್ಕ ಮಾಡಿದರೆ, ಸ್ಮಶಾನದ ಗೋಡೆಯಾಚೆಗಿನ ಒಂದು ಜಾಗದ ನಿರ್ದೇಶಾಂಕ ದೊರೆಯುತ್ತದೆ.

ವಾಷಿಂಗ್ಟನ್ನಿನ ಸುತ್ತಮುತ್ತ ನೆಲೆಸಿರುವ ನಮ್ಮ ಕೆಲವು ಕನ್ನಡ ಕುಟುಂಬಗಳಿಗಾಗಿ ಗೆಳತಿಯೊಬ್ಬಳು ಈಚೆಗೆ ಇಂಥದ್ದೊಂದು ಹುಡುಕಾಟವನ್ನು ಸಿದ್ಧಪಡಿಸಿದ್ದಳು. ಜಾಲತಾಣಕ್ಕೆ ಹಾಕಿದ್ದಲ್ಲ, ನಮ್ಮ ನಮ್ಮೊಳಗಿನದು. ಸುಳಿವುಗಳನ್ನೆಲ್ಲ ಕನ್ನಡದಲ್ಲಿ, ಒಗಟಿನ ಧಾಟಿಯಲ್ಲಿ ಬರೆದಿದ್ದಳು. ಮಕ್ಕಳಿಗೆ ಫೋನು ಹಿರಿಯರಿಗಿಂತ ಚೆನ್ನಾಗಿ ಗೊತ್ತು, ಕನ್ನಡ ಓದುವುದಕ್ಕಾದರೂ ಅವರು ನಮ್ಮ ಹತ್ತಿರ ಬರಲಿ ಎಂಬ ಉಪಾಯ ಅದರಲ್ಲಿತ್ತು.

ಸ್ಥಳ ಕಾಂಗ್ರೆಷನಲ್ ಸಿಮೆಟರಿ. ಅಮೆರಿಕದ ಸಂಸತ್ತು ಸೇರುವ ಕ್ಯಾಪಿಟಲ್ ಭವನದ ಪೂರ್ವಕ್ಕೆ, ಅನಕೋಸ್ಟಿಯಾ ನದಿಯ ಸಮೀಪದಲ್ಲಿರುವ ಮೂವತ್ತೈದು ಎಕರೆಯ ಈ ಭೂಮಿ 1807ರಲ್ಲಿ ಆರಂಭವಾಯಿತು. ಅದರ ಒಡೆತನ ಇಂದಿಗೂ ಕ್ರೈಸ್ಟ್ ಚರ್ಚಿನದು; ಆದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರೆ ಇಲ್ಲಿ ಸ್ಮಾರಕ ನಿಲ್ಲಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಬಹುಭಾಗ ನಡೆದದ್ದರಿಂದ ಈ ಹೆಸರು ನಿಂತಿತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಪಾಳುಬಿದ್ದಿದ್ದ ಈ ಜಾಗವನ್ನು ಉಳಿಸಿದವರಲ್ಲಿ ನಾಯಿ ಸಾಕಿದವರ ಪಾಲು ದೊಡ್ಡದು. ಅವರು ವರ್ಷಕ್ಕಿಷ್ಟೆಂದು ಸದಸ್ಯತ್ವದ ಹಣ ಕಟ್ಟಿ ತಮ್ಮ ನಾಯಿಗಳನ್ನು ಇಲ್ಲಿ ಹಗ್ಗವಿಲ್ಲದೆ ಓಡಾಡಲು ಬಿಡುತ್ತಾರೆ. ಆ ಹಣ ಸಮಾಧಿಗಳ ನಿರ್ವಹಣೆಗೆ ಹೋಗುತ್ತದೆ. ಸ್ಮಶಾನಕ್ಕೆ ಕಾಲಿಟ್ಟು ಬಂದರೆ ಮೈಲಿಗೆ ಎಂದು ಸ್ನಾನ ಮಾಡಿಸುತ್ತಿದ್ದ ಮನೆಯಲ್ಲಿ ಬೆಳೆದ ನನಗೆ, ಗೋರಿಗಳ ನಡುವೆ ಚೆಂಡು ಕಚ್ಚಿಕೊಂಡು ಓಡುವ ನಾಯಿಗಳು ಮೊದಲು ಕಸಿವಿಸಿ ಉಂಟುಮಾಡಿದ್ದು ನಿಜ.

ಮೊದಲ ಸುಳಿವು ಹೀಗಿತ್ತು: "ಅಪ್ಪನೂ ಅಧ್ಯಕ್ಷ, ಮಗನೂ ಅಧ್ಯಕ್ಷ, ಮಗನ ಹೆಸರಿನ ಕಲ್ಲಿದೆ, ಕಲ್ಲಿನ ಕೆಳಗೆ ಮಗನಿಲ್ಲ." ಜಾನ್ ಕ್ವಿನ್ಸಿ ಆಡಮ್ಸ್ ಎಂದು ಮಕ್ಕಳು ತಕ್ಷಣ ಹೇಳಿಬಿಟ್ಟರು, ಕಲ್ಲನ್ನು ಪತ್ತೆಹಚ್ಚುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಇಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ನೂರಕ್ಕೂ ಹೆಚ್ಚು ಸ್ಮಾರಕಗಳು ಸಾಲುಗಟ್ಟಿ ನಿಂತಿವೆ: ಅಗಲವಾದ ಪೀಠ, ಅದರ ಮೇಲೆ ಚೌಕಾಕಾರದ ದಪ್ಪ ಕಲ್ಲು, ತುದಿಯಲ್ಲಿ ಮೊಂಡು ಶಂಕುವಿನ ಆಕಾರದ ಟೊಪ್ಪಿ. ಕ್ಯಾಪಿಟಲ್ ಭವನದ ವಾಸ್ತುಶಿಲ್ಪಿಗಳಲ್ಲೊಬ್ಬರಾದ ಬೆಂಜಮಿನ್ ಲಟ್ರೋಬ್ ಇವುಗಳ ವಿನ್ಯಾಸಕಾರರು. ಹೆಚ್ಚಿನವುಗಳ ಕೆಳಗೆ ಯಾರೂ ಇಲ್ಲ. ಇದರ ಕೆಳಗೆ ಮಲಗಬೇಕಾಗುತ್ತದೆಂಬ ಯೋಚನೆಯೇ ಸಾವಿಗೆ ಹೊಸದೊಂದು ಭಯವನ್ನು ಸೇರಿಸುತ್ತದೆ ಎಂಬರ್ಥದಲ್ಲಿ ಕಾಂಗ್ರೆಸ್ ಸದಸ್ಯ ಜಾರ್ಜ್ ಹೋರ್ ಹಂಗಿಸಿದ ಮೇಲೆ, 1870ರ ದಶಕದಲ್ಲಿ, ಈ ಪದ್ಧತಿ ನಿಂತುಹೋಯಿತು. ನನಗೇನೋ ಅವು ಅಷ್ಟು ವಿಕಾರವಾಗಿ ಕಾಣಲಿಲ್ಲ. ದೇಹ ಎಲ್ಲಿದೆಯೆಂದು ಕೇಳದೆ ಕಲ್ಲು ನಿಲ್ಲಿಸುವುದು ವೀರಗಲ್ಲುಗಳ ನಾಡಿನಿಂದ ಬಂದವರಿಗೆ ಹೊಸ ವಿಚಾರವೂ ಅಲ್ಲ. ಅಧ್ಯಕ್ಷ ಪದವಿ ಮುಗಿದ ಮೇಲೆ ಮತ್ತೆ ಜನಪ್ರತಿನಿಧಿಯಾಗಿ ಗೆದ್ದುಬಂದ ಆಡಮ್ಸ್ 1848ರಲ್ಲಿ ಕ್ಯಾಪಿಟಲ್ ಭವನದೊಳಗೇ ಕೊನೆಯುಸಿರೆಳೆದರು. ಮ್ಯಾಸಚೂಸೆಟ್ಸ್‌ಗೆ ಒಯ್ಯುವವರೆಗೆ ಅವರ ದೇಹವನ್ನು ಇಲ್ಲಿಯ ಸಾರ್ವಜನಿಕ ನೆಲಮಾಳಿಗೆಯಲ್ಲಿ ಇಡಲಾಗಿತ್ತು.

ಎರಡನೆಯ ಕಲ್ಲು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ, ಮುಂದೆ ಉಪಾಧ್ಯಕ್ಷರಾದ ಎಲ್ಬ್ರಿಜ್ ಗೆರಿಯವರದು. ಬದುಕಲು ಒಂದೇ ದಿನ ಉಳಿದಿದ್ದರೂ ಆ ದಿನವನ್ನು ದೇಶದ ಒಳಿತಿಗೆ ಮೀಸಲಿಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎಂಬ ಅವರ ಮಾತು ಅದರ ಮೇಲಿದೆ. ನಾವು ಇಸವಿ ಬರೆದುಕೊಂಡು ಮುಂದೆ ಹೋದೆವು.

ಚೋಕ್ಟಾ ಮೂಲನಿವಾಸಿಗಳ ನಾಯಕ ಪುಷ್ಮಟಾಹಾ ಅವರ ಕಲ್ಲಿನ ಮುಂದೆ ಮಾತ್ರ ಹಾಗೆ ಸರಸರನೆ ಹೋಗಲು ಮನಸ್ಸಾಗಲಿಲ್ಲ. 1812ರ ಯುದ್ಧದಲ್ಲಿ ಅಮೆರಿಕದ ಪರವಾಗಿ ಹೋರಾಡಿದ ಈತ, ತನ್ನ ಜನರ ಭೂಮಿಯ ಬಗ್ಗೆ ಸರ್ಕಾರದೊಂದಿಗೆ ಮಾತುಕತೆ ನಡೆಸಲು ನಿಯೋಗದೊಂದಿಗೆ ರಾಜಧಾನಿಗೆ ಬಂದು, 1824ರ ಡಿಸೆಂಬರ್ 24ರಂದು ಇಲ್ಲಿಯೇ ಕಾಯಿಲೆಯಿಂದ ತೀರಿಕೊಂಡರು. ತನ್ನ ಮೇಲೆ ದೊಡ್ಡ ಫಿರಂಗಿಗಳನ್ನು ಹಾರಿಸಬೇಕೆಂಬ ಅವರ ಕೊನೆಯ ಕೋರಿಕೆ ನೆರವೇರಿತು. ಆ ಮಾತನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಜೊತೆಗೆ ಬಂದಿದ್ದ ಸಹನಾಯಕರು ಈ ಸ್ಮಾರಕವನ್ನು ನಿಲ್ಲಿಸಿದರೆಂದೂ ಅದರ ಮೇಲೆ ಬರೆದಿದೆ. ಗೌರವದ ಗುಂಡುಗಳು ಹಾರಿದವು. ಕೆಲವೇ ವರ್ಷಗಳಲ್ಲಿ, 1830ರ ಒಪ್ಪಂದದ ಹೆಸರಿನಲ್ಲಿ, ಅವರ ಜನರನ್ನು ಮಿಸಿಸಿಪ್ಪಿಯ ನೆಲದಿಂದಲೇ ಎಬ್ಬಿಸಲಾಯಿತು. ಇದನ್ನು ಮಕ್ಕಳಿಗೆ ವಿವರಿಸುವಷ್ಟರಲ್ಲಿ ಎದುರು ತಂಡ ನಮ್ಮನ್ನು ದಾಟಿ ಹೋಗಿತ್ತು.

ಗೆಳತಿಯ ಜಾಣತನವೆಲ್ಲ ಮುಂದಿನ ಸುಳಿವಿನಲ್ಲಿತ್ತು. ಅಮೆರಿಕದ ಅಂತರ್ಯುದ್ಧವನ್ನು ಜನರ ಕಣ್ಣಮುಂದಿಟ್ಟ ಛಾಯಾಗ್ರಾಹಕ ಮ್ಯಾಥ್ಯೂ ಬ್ರೇಡಿ ಸಾಲದಲ್ಲಿ ಮುಳುಗಿ, 1896ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಸಮಾಧಿ ಇಲ್ಲಿದೆ. ಆದರೆ ಗೋರಿಕಲ್ಲಿನ ಮೇಲೆ ಕೆತ್ತಿರುವುದು 1895. ಕೆತ್ತಿದವರ ತಪ್ಪು ಹಾಗೆಯೇ ಉಳಿದುಬಿಟ್ಟಿದೆ. "ಛಾಯಾಗ್ರಾಹಕನ ಕಲ್ಲು ಹೇಳುವ ಸಾವಿನ ವರ್ಷದ ಕೊನೆಯ ಅಂಕಿಯಿಂದ ನಾಲ್ಕು ಕಳೆದು, ಅಕ್ಷಾಂಶದ ನಿಮಿಷದಲ್ಲಿ ಬಿಂದುವಿನ ನಂತರದ ಮೊದಲ ಸ್ಥಾನಕ್ಕೆ ಹಾಕಿ" ಎಂದು ಸುಳಿವು ಹೇಳುತ್ತಿತ್ತು. ಮುಂದೆ ಸಾಗಿದ್ದ ತಂಡದ ಹುಡುಗರು ಕಲ್ಲಿನವರೆಗೆ ನಡೆಯುವುದೇಕೆಂದು ಫೋನಿನಲ್ಲಿ ನೋಡಿ 6 ಎಂದು ಬರೆದುಕೊಂಡರು. ಅಕ್ಷಾಂಶದ ಒಂದು ನಿಮಿಷವೆಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ, ನೆಲದ ಮೇಲೆ ಸುಮಾರು 1,852 ಮೀಟರ್. ಅದರ ಹತ್ತನೇ ಒಂದು ಭಾಗ ತಪ್ಪಿದರೆ 185 ಮೀಟರ್ ಅತ್ತಿತ್ತ. ಅವರು ಬಹಳ ವಿಶ್ವಾಸದಿಂದ ಎರಡು ಬೀದಿ ಉತ್ತರಕ್ಕೆ ಹೋಗಿ, ಮುಚ್ಚಿದ ಅಂಗಡಿಯೊಂದರ ಬಾಗಿಲ ಮುಂದೆ ನಿಂತು, ನಮಗೆ ಫೋನ್ ಮಾಡಿದರು. "ಆಂಟಿ, ಇಲ್ಲಿ ಏನೂ ಇಲ್ಲ, ನಿಮ್ಮ ಲೆಕ್ಕವೇ ತಪ್ಪು" ಎಂದು ದೂರಿದ ಹುಡುಗನಿಗೆ ಗೆಳತಿ, "ಕಲ್ಲು ನೋಡಿದೆಯೇನಪ್ಪಾ?" ಎಂದಷ್ಟೇ ಕೇಳಿದಳು. ಉತ್ತರ ಬರಲಿಲ್ಲ.

ಒಂದು ಸುಳಿವಿನ ಬಗ್ಗೆ ಮಾತ್ರ ನನಗೂ ಅವಳಿಗೂ ಇನ್ನೂ ಒಮ್ಮತವಿಲ್ಲ. 1864ರ ಜೂನ್ 17ರಂದು ವಾಷಿಂಗ್ಟನ್ನಿನ ಶಸ್ತ್ರಾಗಾರದಲ್ಲಿ ಹೊರಗೆ ಬಿಸಿಲಿಗೆ ಒಣಗಲಿಟ್ಟಿದ್ದ ಬಾಣಬಿರುಸಿನ ಮದ್ದು ಹೊತ್ತಿಕೊಂಡು, ಕಿಡಿ ಒಳಗೆ ಹಾರಿ, ಬಂದೂಕಿನ ತೋಟಾ ಕಟ್ಟುತ್ತಿದ್ದ ಇಪ್ಪತ್ತೊಂದು ಮಂದಿ ಹೆಂಗಸರೂ ಹುಡುಗಿಯರೂ ಸತ್ತರು. ಆ ಕಾಲದ ಅಗಲವಾದ ಬಳೆಲಂಗಗಳಿಗೆ ಬೆಂಕಿ ಬೇಗ ಹಬ್ಬಿತಂತೆ. ಶವಯಾತ್ರೆಗೆ ಅಧ್ಯಕ್ಷ ಲಿಂಕನ್ ಬಂದಿದ್ದರು. ಸತ್ತ ಆ ಹೆಣ್ಣುಮಕ್ಕಳ ನೆನಪಿಗೆ ನಿಲ್ಲಿಸಿದ ಎತ್ತರದ ಕಂಬದ ತುದಿಯಲ್ಲಿ, ಕೈಗಳನ್ನು ಜೋಡಿಸಿ ತಲೆ ತಗ್ಗಿಸಿದ ಹೆಣ್ಣಿನ ಮೂರ್ತಿಯಿದೆ. ಈ ಕಂಬದಿಂದಲೂ ಒಂದು ಅಂಕಿ ತೆಗೆದುಕೊಳ್ಳಬೇಕಿತ್ತು. ಇಂಥ ಸಾವನ್ನು ಆಟದ ಲೆಕ್ಕಕ್ಕೆ ಎಳೆಯಬಾರದಿತ್ತು ಎಂದು ನಾನೆಂದೆ. ಸುಳಿವಿಲ್ಲದಿದ್ದರೆ ನೀವ್ಯಾರೂ ಈ ಕಡೆಗೆ ಬರುತ್ತಲೇ ಇರಲಿಲ್ಲ, ಹೆಸರಾಂತ ಗಂಡಸರ ಗೋರಿ ನೋಡಿ ಮನೆಗೆ ಹೋಗುತ್ತಿದ್ದಿರಿ ಎಂದು ಅವಳೆಂದಳು. ಅವಳ ಮಾತಿನಲ್ಲಿ ಹುರುಳಿದೆ. ಆದರೂ ಅಂಕಿಯನ್ನು ಕೇಳದೆ, ಆ ಹೆಸರುಗಳನ್ನು ಓದಿ ಬನ್ನಿ ಎಂದಿದ್ದರೆ ಸಾಕಿತ್ತು ಎಂಬ ನನ್ನ ನಿಲುವು ಬದಲಾಗಿಲ್ಲ.

ಬ್ಯಾಂಡ್ ಸಂಗೀತದ ದೊರೆ ಜಾನ್ ಫಿಲಿಪ್ ಸೂಸಾ, ಎಫ್‌ಬಿಐಯನ್ನು ದಶಕಗಳ ಕಾಲ ಆಳಿದ ಜೆ. ಎಡ್ಗರ್ ಹೂವರ್ ಇವರ ಗೋರಿಗಳನ್ನು ಬೇಗ ಮುಗಿಸಿದೆವು. ಹೂವರ್ ಇರುವ ಸಾಲಿನಲ್ಲಿಯೇ, ಸಲಿಂಗಿಯೆಂಬ ಕಾರಣಕ್ಕೆ ವಾಯುಪಡೆಯಿಂದ ಹೊರಹಾಕಲ್ಪಟ್ಟ ಯೋಧ ಲಿಯೊನಾರ್ಡ್ ಮ್ಯಾಟ್ಲೊವಿಚ್ ಅವರ ಕರಿಕಲ್ಲು ಇದೆ. ಇಬ್ಬರನ್ನು ಕೊಂದದ್ದಕ್ಕೆ ಸೇನೆ ಪದಕ ಕೊಟ್ಟಿತು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಮನೆಗೆ ಕಳಿಸಿತು ಎಂಬರ್ಥದ ಸಾಲುಗಳನ್ನು ನನ್ನ ಮಗಳು ಜೋರಾಗಿ ಓದಿದಳು. ಇಂಥ ಯೋಧರೆಲ್ಲರ ಸ್ಮಾರಕವಾಗಲಿ ಎಂದು ಆ ಮುಖ್ಯ ಕಲ್ಲಿನ ಮೇಲೆ ಅವರು ತಮ್ಮ ಹೆಸರನ್ನು ಕೆತ್ತಿಸಿಲ್ಲ.

ಅಂಕಿಗಳೆಲ್ಲ ಸೇರಿ ಕೊಟ್ಟ ಜಾಗ, ಕೆಲವು ಬೀದಿಗಳಾಚೆ ಪರಿಚಯದವರೊಬ್ಬರ ಮನೆಯ ಮುಂಜಗುಲಿ. ಅವರ ಒಪ್ಪಿಗೆ ಪಡೆದು ಹೂಕುಂಡದ ಹಿಂದೆ ಡಬ್ಬಿಯಿಟ್ಟಿದ್ದಳು, ಒಳಗೆ ಪುಸ್ತಕ, ಪೆನ್ಸಿಲು, ಒಂದಿಷ್ಟು ಕೊಬ್ಬರಿ ಮಿಠಾಯಿ. ಇದನ್ನು ಜಾಲತಾಣದಲ್ಲಿಯೂ ಪ್ರಕಟಿಸೋಣವೆಂಬ ಯೋಚನೆ ಈಗ ಅವಳಿಗಿದೆ. ಅದಕ್ಕೆ ಮೊದಲು ಸಿಮೆಟರಿಯ ಕಚೇರಿಗೆ ಪತ್ರ ಬರೆದು ಅನುಮತಿ ಕೇಳಬೇಕು. ಸ್ಮಾರಕಗಳ ಮರಳುಗಲ್ಲು ಮೆದುವಾದ್ದರಿಂದ ಕೆಲವು ಕಡೆ ಅಂಕಿಗಳು ಸವೆದು 3 ಯಾವುದು, 8 ಯಾವುದು ಎಂದು ತಿಳಿಯದಂತಾಗಿದೆ, ಅಂಥವನ್ನು ಬಿಟ್ಟು ಗಟ್ಟಿ ಕಲ್ಲುಗಳನ್ನೇ ಆರಿಸಬೇಕು. ಕಂಬದ ಸುಳಿವನ್ನು ಉಳಿಸುವಳೋ ಬಿಡುವಳೋ ಎಂದು ಕೇಳಿದ್ದೇನೆ. ಮುಂದಿನ ಭಾನುವಾರ ನಿನ್ನ ಒಕ್ಕಣೆಯನ್ನೇ ಬರೆದು ತಾ, ನೋಡೋಣ ಎಂದಿದ್ದಾಳೆ.