ಎಡಚ ಎಂದು ಹಿಗ್ಗುವ ಮುನ್ನ

ಕಲಬುರಗಿಯಲ್ಲಿ ಮಕ್ಕಳ ಫಿಸಿಯೋಥೆರಪಿ ನನ್ನ ಕೆಲಸ. ಜೇವರ್ಗಿ, ಶಹಾಪುರದ ಕಡೆಯಿಂದಲೂ ಬರುತ್ತಾರೆ. ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕೆಡುವ ತೊಂದರೆ) ಇರುವ ಕೂಸು ನನ್ನ ಮುಂದೆ ಬರುವ ಹೊತ್ತಿಗೆ ಹೆಚ್ಚಾಗಿ 2 ವರ್ಷ ದಾಟಿರುತ್ತದೆ. ‘ಅವನ ಅಪ್ಪನೂ ತಡವಾಗಿಯೇ ನಡೆದ’ ಎಂದು ಕಾದಿರುತ್ತಾರೆ. ಲಕ್ಷಣ ಮನೆಯವರ ಕಣ್ಣಿಗೆ ಬಿದ್ದಿರುತ್ತದೆ, ಆದರೆ ಅದನ್ನು ಹೊಗಳಿ ಸುಮ್ಮನಾಗಿರುತ್ತಾರೆ.

“ನಮ್ಮ ಕೂಸು ಎಡಚ, ಅಕ್ಕಾವರೇ. 7 ತಿಂಗಳಿಗೇ ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಿತ್ತು” ಎನ್ನುತ್ತಾರೆ ಆಯಿ (ಅಜ್ಜಿ). ವರ್ಷ ತುಂಬುವ ಮುನ್ನ ಮಕ್ಕಳು ಸಾಮಾನ್ಯವಾಗಿ ಎರಡೂ ಕೈ ಚಾಚುತ್ತಾರೆ. ಒಂದೇ ಕೈ ಮುಂದೆ ಬರುತ್ತಿದ್ದರೆ ನಾನು ನೋಡುವುದು ಇನ್ನೊಂದನ್ನು. ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡು ಬಲಗಡೆ ಗಿಲಕಿ ಆಡಿಸುತ್ತೇನೆ. ಬಲಗೈ ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ಮುಷ್ಟಿಯಾಗಿಯೇ ಉಳಿದರೆ, ಕೂಡಲೇ ಮಕ್ಕಳ ವೈದ್ಯರ ಬಳಿಗೆ ಕಳಿಸುತ್ತೇನೆ.

‘ಕಾಲು ಬಹಳ ಗಟ್ಟಿ’ ಎಂಬುದು ಇನ್ನೊಂದು ಹೊಗಳಿಕೆ. ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಕೂಸು ತುದಿಬೆರಳ ಮೇಲೆ ಸೆಟೆದು ನಿಲ್ಲುತ್ತದೆ, ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಸ್ನಾಯುಗಳ ಬಿಗಿತವೇ ಅಲ್ಲಿ ಬಲದಂತೆ ಕಾಣುತ್ತಿರುತ್ತದೆ. ಎಣ್ಣೆ ಹಚ್ಚಿ ಎರೆಯುವ ಆಯಿಯ ಕೈಗೆ ಇದು ವೈದ್ಯರಿಗಿಂತ ಮೊದಲೇ ತಿಳಿಯುತ್ತದೆ. ಎಳೆದು ನೆಟ್ಟಗೆ ಮಾಡಲು ಮಾತ್ರ ಹೋಗಬಾರದು. ಇನ್ನು ‘ಶಾಂತ ಕೂಸು’: 4 ತಿಂಗಳಾದರೂ ಕುತ್ತಿಗೆ ನಿಂತಿಲ್ಲ, ಹಾಲು ಕುಡಿಯುವಾಗಲೆಲ್ಲ ಕೆಮ್ಮು ಎಂದರೆ ಆ ಶಾಂತಿ ನನಗೆ ಹಿಡಿಸುವುದಿಲ್ಲ.

ದಿನ ತುಂಬದೆ ಹುಟ್ಟಿದ, ಹುಟ್ಟಿದಾಗ ಅಳದ, ಕಾಮಾಲೆ ವಿಪರೀತ ಏರಿದ್ದ ಮಕ್ಕಳಲ್ಲಿ ಇವನ್ನೆಲ್ಲ ಇನ್ನಷ್ಟು ಎಚ್ಚರದಿಂದ ನೋಡಬೇಕು. ಗ್ರಹಣದಲ್ಲಿ ಹೊರಗೆ ಬಂದಳೆಂದು ಸೊಸೆಯನ್ನು ದೂರುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಮೆದುಳಿಗಾದ ಪೆಟ್ಟು ಮುಂದೆ ಹೆಚ್ಚುವುದಿಲ್ಲ. ಆದರೆ ಬಿಗಿದ ಸ್ನಾಯು ಮಗು ಬೆಳೆದಂತೆ ಕೀಲುಗಳನ್ನು ಮಡಚಿಬಿಡುತ್ತದೆ, ನನಗೆ ಅವಸರ ಅದಕ್ಕೇ. ಆಶಾ ಕಾರ್ಯಕರ್ತೆಯರು 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಬರಬೇಕೆಂಬ ಏರ್ಪಾಡಿದೆ. ತಾಯಿ ಕಾರ್ಡ್ ಜೊತೆಗೆ ಕೂಸಿನ ಕೈಕಾಲನ್ನೂ ಅವರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ, ಚಿಕಿತ್ಸೆ ಉಚಿತ.

ಗುಳೆ ಹೋಗುವ ಮನೆಯವರದೇ ದೊಡ್ಡ ತೊಡಕು. ಪುಣೆಗೆ ಹೊರಟರೆಂದರೆ ಚಿಕಿತ್ಸೆ ಅರ್ಧಕ್ಕೆ ನಿಂತಂತೆ. ಹಾಗಾಗಿ ಕೂಸನ್ನು ಎತ್ತುವ, ಕೂರಿಸುವ, ಉಣಿಸುವ ಬಗೆಯನ್ನು ತಾಯಿಯ ಕೈಯಲ್ಲೇ ಮಾಡಿಸಿ, ಅವಳ ಮೊಬೈಲಿನಲ್ಲಿ ವಿಡಿಯೊ ತೆಗೆದು ಕೊಡುತ್ತೇನೆ. ಈಚೆಗೆ ಅಪ್ಪಂದಿರ ಮೊಬೈಲಿಗೂ ಹಾಕಿಸುತ್ತಿದ್ದೇನೆ.